ಮಲಗಿದ ಪುಸ್ತಕಗಳು, ನಿಂತ ಗೋಡೆ

ಬೇರೆ ಊರುಗಳ ಗ್ರಂಥಾಲಯಗಳಲ್ಲಿ ಓದುಗರು ಕತ್ತು ಓರೆ ಮಾಡಿಕೊಂಡು ನಡೆಯುತ್ತಾರೆ. ನೀವು ಗಮನಿಸಿರಬಹುದು, ನಿಮ್ಮ ಕತ್ತೂ ಓರೆಯಾಗಿದ್ದ ಕಾರಣ ಗಮನಿಸದೆಯೂ ಇರಬಹುದು. ಕಪಾಟಿನಲ್ಲಿ ಪುಸ್ತಕ ನೆಟ್ಟಗೆ ನಿಂತಾಗ ಅದರ ಬೆನ್ನಿನ ಮೇಲಿನ ಹೆಸರು ಲಂಬವಾಗಿ ನಿಲ್ಲುತ್ತದೆ. ಆ ಹೆಸರು ಮೇಲಿನಿಂದ ಕೆಳಗಿಳಿಯಬೇಕೋ ಕೆಳಗಿನಿಂದ ಮೇಲಕ್ಕೇರಬೇಕೋ ಎಂಬ ವಿಚಾರದಲ್ಲಿ ನಮ್ಮ ಪ್ರಕಾಶಕರಲ್ಲಿ ಒಮ್ಮತವಿಲ್ಲದ್ದರಿಂದ ಓದುಗ ಒಂದು ಪುಸ್ತಕಕ್ಕೆ ಎಡಕ್ಕೂ ಇನ್ನೊಂದಕ್ಕೆ ಬಲಕ್ಕೂ ವಾಲುತ್ತ, ದೂರದಿಂದ ನೋಡಿದವರಿಗೆ ಯಾರದೋ ಸಂಗೀತಕ್ಕೆ ತಲೆದೂಗುತ್ತಿರುವವನಂತೆ ಕಾಣುತ್ತಾನೆ. ಕೆ.ಜಿ.ಎಫ್.ನ ನಮ್ಮ ಗ್ರಂಥಾಲಯದಲ್ಲಿ ಈ ತಲೆದೂಗುವಿಕೆ ಇರಲಿಲ್ಲ. ಅಲ್ಲಿ ಕತ್ತುಗಳು ನೇರವಾಗಿದ್ದವು, ಪುಸ್ತಕಗಳೇ ಮಲಗಿದ್ದವು. ಹೆಸರು ಸರಿಯಾಗಿ ಕಾಣುವಂತೆ ಕೆಲವನ್ನು ಅಂಗಾತ, ಕೆಲವನ್ನು ಬೋರಲು ಮಲಗಿಸಿ, ಒಂದರ ಮೇಲೊಂದು ಪೇರಿಸಿ, ಪ್ರತಿ ಹಲಗೆಯ ಮುಂಭಾಗಕ್ಕೂ ನಾಲ್ಕು ಬೆರಳೆತ್ತರದ ಮರದ ಪಟ್ಟಿಯೊಂದನ್ನು ಹೊಡೆದಿದ್ದರು. ಮಗು ಮಂಚದಿಂದ ಉರುಳದಿರಲೆಂದು ಅಡ್ಡ ಇಟ್ಟ ದಿಂಬಿನ ಹಾಗೆ.

ಪುಸ್ತಕ ಮಲಗಿದರೆ ಸಾಹಿತ್ಯಚರಿತ್ರೆಯೇ ಬೇರೆಯಾಗುತ್ತದೆ. ನಿಂತ ಪುಸ್ತಕಗಳಲ್ಲಿ ಒಂದು ಬಗೆಯ ಪ್ರಜಾಪ್ರಭುತ್ವವಿದೆ, ಯಾವುದನ್ನು ಬೇಕಾದರೂ ಬೆರಳು ತುದಿಯಿಂದ ಎಳೆಯಬಹುದು. ಮಲಗಿದವುಗಳಲ್ಲಿ ಹಾಗಲ್ಲ. ಯಾರೋ ಓದಿ ತಂದದ್ದು ಮೇಲೆ ಕೂರುತ್ತದೆ, ಮೇಲಿದ್ದದ್ದನ್ನೇ ಮುಂದಿನವನು ಒಯ್ಯುತ್ತಾನೆ, ಅವನು ತಂದದ್ದು ಮತ್ತೆ ಮೇಲೆ. ಹೀಗೆ ಊರಿಗೆ ಊರೇ ಮೇಲಿನ ಆರೇಳು ಪುಸ್ತಕಗಳನ್ನು ಸುತ್ತುಬಳಸಿ ಓದುತ್ತಿರುವಾಗ, ಬುಡದವು ಪದರ ಪದರವಾಗಿ ಒತ್ತಿಕೊಂಡು ಬಂಡೆಯಾಗುತ್ತವೆ. ಬುಡದ ಪುಸ್ತಕ ಬೇಕೆಂದವನು ಮೇಲಿನದನ್ನೆಲ್ಲ ಎರಡೂ ಕೈಯಿಂದ ಎತ್ತಿ, ಗದ್ದದ ಕೆಳಗೆ ಸಿಕ್ಕಿಸಿಕೊಂಡು, ಇನ್ನೊಬ್ಬರನ್ನು ಕರೆಯಬೇಕು. ಗಣಿಯ ಊರಿನಲ್ಲಿ ಓದುವುದೂ ಅಗೆಯುವುದೇ. ನಾನು ಬಹಳ ಹಿಂದೆ ಬರೆದ, ಆರಂಭವೇ ಇಲ್ಲದ, ನಡುವಿನಿಂದ ಎರಡೂ ದಿಕ್ಕಿಗೆ ಹೊರಡುವ ಕಾದಂಬರಿಯೊಂದು ಅಲ್ಲಿ ಬುಡದಲ್ಲಿತ್ತು. ರಟ್ಟು ದಪ್ಪ, ತೇವ ಹೀರುವುದಿಲ್ಲ, ಮೇಲಿನವಕ್ಕೆ ಒಳ್ಳೆಯ ಪಾಯ ಎಂದು ಗ್ರಂಥಪಾಲಕರು ನನಗೇ ಹೇಳಿದ್ದರು. ನನ್ನ ಸಾಹಿತ್ಯದ ಬಗ್ಗೆ ಇಷ್ಟು ಖಚಿತವಾಗಿ ಯಾವ ವಿಮರ್ಶಕನೂ ಮಾತಾಡಿಲ್ಲ.

ಪುಸ್ತಕಗಳನ್ನು ಮಲಗಿಸಿದ್ದೇಕೆಂದು ಹೊರಗಿನವರು ಕೇಳುತ್ತಿದ್ದರು. ಊರಿನವರಿಗೆ ಆ ಪ್ರಶ್ನೆಯೇ ವಿಚಿತ್ರ. ನೆಲದಡಿಯಲ್ಲಿ ಮೈಲಿಗಟ್ಟಲೆ ಬಂಡೆಯನ್ನು ಕೊರೆದು ಟೊಳ್ಳು ಮಾಡಿದಾಗ, ಉಳಿದ ಬಂಡೆ ಮೇಲಿನ ಭಾರ ತಾಳದೆ ಎಂದೋ ಒಂದು ಗಳಿಗೆ ಸಿಡಿಯುತ್ತದೆ. ಇಂಗ್ಲಿಷಿನಲ್ಲಿ ಅದಕ್ಕೆ ಗಂಭೀರವಾದ ಹೆಸರಿದೆ. ಇಲ್ಲಿ ಎಲ್ಲರೂ ಬರ್ಸ್ಟು ಎನ್ನುತ್ತಿದ್ದರು. ಬರ್ಸ್ಟು ಆದಾಗ ಮೇಲಿನ ನೆಲವೂ ನಡುಗುತ್ತಿತ್ತು. ಆದ್ದರಿಂದ ಕಾರ್ಮಿಕರ ಲೈನ್ ಮನೆಗಳಲ್ಲಿ ಹಿತ್ತಾಳೆ ಕೊಡಗಳನ್ನು ಅಟ್ಟದ ಮೇಲೆ ಇಡುತ್ತಿರಲಿಲ್ಲ, ಸತ್ತವರ ಫೋಟೋಗಳನ್ನು ಎರಡೆರಡು ಮೊಳೆಗೆ ತೂಗುಹಾಕುತ್ತಿದ್ದರು, ತೊಟ್ಟಿಲನ್ನು ಗೋಡೆಯಿಂದ ದೂರ ಕಟ್ಟುತ್ತಿದ್ದರು. ನಡುಕ ಬಂದರೆ ಯಾರೂ ಕಿರುಚಿ ಓಡುತ್ತಿರಲಿಲ್ಲ. ಹೆಂಗಸರು ಬಾಗಿಲಿಗೆ ಬಂದು ಗಣಿಯ ಬಾಯಿಯ ಮೇಲಿನ ಎತ್ತರದ ರಾಟೆಯ ಕಡೆಗೆ ಮುಖ ಮಾಡಿ ನಿಲ್ಲುತ್ತಿದ್ದರು, ಸೈರನ್ ಕೂಗುವುದೋ ಇಲ್ಲವೋ ಎಂದು. ಗ್ರಂಥಾಲಯದಲ್ಲಿ ಓದುತ್ತಿದ್ದವರು ಎದುರಿನ ತೆರೆದ ಪುಟದ ಮೇಲೆ ಅಂಗೈ ಊರಿ ಸುಮ್ಮನೆ ಕೂರುತ್ತಿದ್ದರು. ನಡುಕ ನಿಂತಿತೆಂದು ಖಾತ್ರಿಯಾದ ಮೇಲೆ ಕೈ ತೆಗೆದು, ಅದೇ ಸಾಲಿನಿಂದ ಓದು ಮುಂದುವರಿಸುತ್ತಿದ್ದರು.

ಗಣಿ ಮುಚ್ಚಿದ ಮೇಲೆ ಬಂಡೆ ಸಿಡಿಸುವವರೂ ಇಲ್ಲ, ಸಿಡಿತವೂ ಇಲ್ಲ. ಆದರೂ ಅಂಗೈಯ ಅಭ್ಯಾಸ ಉಳಿಯಿತು. ಹೊರಗೆ ಜಲ್ಲಿ ಲಾರಿಯೊಂದು ಹಾದು ಕಿಟಕಿಯ ಗಾಜು ಗಿಲಿಗಿಲಿ ಎಂದರೆ ಸಾಕು, ಮೇಜಿನ ಸುತ್ತಲಿನ ಕೈಗಳೆಲ್ಲ ಪುಟದ ಮೇಲೆ. ಬರ್ಸ್ಟು ಏನೆಂದೇ ಕಾಣದವರೂ ಹಿರಿಯರನ್ನು ನೋಡಿ ಹಾಗೇ ಮಾಡುತ್ತಿದ್ದರು. ಹಾಗೆ ಮಾಡುತ್ತಿದ್ದವರಲ್ಲಿ ಮುನಿರತ್ನಮ್ಮ ಒಬ್ಬರು.

ಮುನಿರತ್ನಮ್ಮ ಕ್ಯಾಸಂಬಳ್ಳಿಯಿಂದ ಆಚೆಗಿನ ಹಳ್ಳಿಯವರು. ಬೆಳಗ್ಗೆ ಎರಡು ಹಸುವಿನ ಹಾಲು ಡೇರಿಗೆ ಹಾಕಿ, ಮುದ್ದೆ ಕಟ್ಟಿಟ್ಟು, ಬಸ್ಸು ಹತ್ತಿ ಗ್ರಂಥಾಲಯಕ್ಕೆ ಬರುತ್ತಿದ್ದರು. ಗಂಡನಿಗೆ ಗಾರೆ ಕೆಲಸ. ಮುನಿರತ್ನಮ್ಮ ಸರ್ಕಾರಿ ಕೆಲಸದ ಪರೀಕ್ಷೆಗೆ ಓದುತ್ತಿದ್ದರು, ಮೂರು ವರ್ಷದಿಂದ. ಒಮ್ಮೆ ಸ್ವಲ್ಪದರಲ್ಲಿ ತಪ್ಪಿತ್ತು. ಅವರ ವಯಸ್ಸಿಗೆ ಕೊಟ್ಟ ಮಿತಿ ಈ ಸಲದ ಪರೀಕ್ಷೆಗೆ ಮುಗಿಯುತ್ತಿತ್ತು, ಆಮೇಲೆ ಅರ್ಜಿ ಹಾಕುವ ಹಾಗಿಲ್ಲ. ಮನೆಯಲ್ಲೇ ಓದಬಾರದೇ ಎಂದು ನಾನೊಮ್ಮೆ ಕೇಳಿದ್ದೆ. ಮನೆಯಲ್ಲಿ ಪುಸ್ತಕ ಹಿಡಿದು ಕೂತ ಹೆಂಗಸು ಕೆಲಸವಿಲ್ಲದೆ ಕೂತ ಹಾಗೆ ಕಾಣುತ್ತಾಳೆ, ಪಕ್ಕದ ಮನೆಯವರೂ ಮಗುವನ್ನು ತಂದು ಮಡಿಲಿಗೆ ಹಾಕುತ್ತಾರೆ ಎಂದರು. ‘ಲೈಬ್ರರಿಗೆ ಓಗವ್ಳೆ’ ಎಂದರೆ ಮಾತ್ರ ಅತ್ತೆಗೆ ಅದು ಕಚೇರಿಯ ಹಾಗೆ ಕೇಳಿಸುತ್ತಿತ್ತಂತೆ. ಉತ್ತರದ ಗೋಡೆಯ ಪಕ್ಕದ ಕುರ್ಚಿ ಅವರದು. ಹೆಸರು ಬರೆದಿರಲಿಲ್ಲ, ಆದರೆ ಬೇರೆ ಯಾರೂ ಅಲ್ಲಿ ಕೂರುತ್ತಿರಲಿಲ್ಲ. ಕಾರಣ ಗೌರವವಲ್ಲ, ಗೋಡೆಯ ಬಿರುಕು.

ಆ ಬಿರುಕಿನ ಬಗ್ಗೆ ಹೇಳುವ ಮುನ್ನ ಕಟ್ಟಡದ ಬಗ್ಗೆ ಎರಡು ಮಾತು ಹೇಳಬೇಕು. ಕಂಪನಿ ಕಾಲದ ಕಟ್ಟಡ ಎಂಬುದರಲ್ಲಿ ವಿವಾದವಿಲ್ಲ. ಅದು ಮೊದಲು ಏನಾಗಿತ್ತು ಎಂಬುದರಲ್ಲಿ ವಿವಾದದ ಹೊರತು ಬೇರೇನೂ ಇಲ್ಲ. ದೊರೆಗಳು ಬಿಲಿಯರ್ಡ್ಸ್ ಆಡುತ್ತಿದ್ದ ಮನೆ ಎಂದು ಒಬ್ಬರು. ಇಲ್ಲ, ಗಾಯಾಳುಗಳನ್ನು ಇಳಿಸುತ್ತಿದ್ದ ಔಷಧಶಾಲೆ ಎಂದು ಇನ್ನೊಬ್ಬರು. ಪ್ರಾರ್ಥನೆಯ ಹಾಲ್ ಎಂದು ಮತ್ತೊಬ್ಬರು. ಮೂವರೂ ಕಣ್ಣಾರೆ ಕಂಡವರೇ. ಮೊದಲು ಇದರ ಇತಿಹಾಸ ಬರೆಯಬೇಕೆಂದು ಹುರುಪಿನಿಂದ ಹೊರಟ ನಾನು, ಎಲ್ಲರ ನೆನಪೂ ಎಷ್ಟು ಓರಣವಾಗಿದೆ ಎಂಬುದನ್ನು ಕಂಡು ಹೆದರಿದೆ. ನಿಜವಾಗಿ ನಡೆದದ್ದು ಇಷ್ಟು ಒಪ್ಪವಾಗಿ, ಮೊದಲು ನಡು ಕೊನೆ ಎಂದು ಜೋಡಿಸಿಕೊಂಡು ಇರುವುದಿಲ್ಲ. ಬಿಲಿಯರ್ಡ್ಸ್ ಎಂದವರು ಮೇಜಿನ ಹಸಿರು ಬಟ್ಟೆಯ ವಾಸನೆಯನ್ನೂ ಹೇಳಿದರು. ಅವರು ಹುಟ್ಟುವ ಹೊತ್ತಿಗೆ ಅಲ್ಲಿ ಪುಸ್ತಕಗಳಿದ್ದವು ಎಂದು ಅವರ ಹೆಂಡತಿ ಒಳಗಿನಿಂದ ಹೇಳಿದರು. ವಾಸನೆ ಮಾತ್ರ ಇವರೊಬ್ಬರಿಗೇ ಬಂದಿತ್ತು.

ಆದ್ದರಿಂದ ನಾನು ಮನುಷ್ಯರನ್ನು ಬಿಟ್ಟು ಕಟ್ಟಡವನ್ನೇ ಕೇಳಲು ಹೋದೆ. ಕೆಳಗೆ ಸೈಜುಗಲ್ಲಿನ ಪಾಯ, ಮೇಲೆ ಸುಣ್ಣದ ಗಾರೆಯ ಇಟ್ಟಿಗೆ ಗೋಡೆ, ಅದರ ಮೇಲೆ ಮರದ ತೊಲೆಗಳು, ತೊಲೆಗಳ ಮೇಲೆ ತಗಡು. ಹೆಂಚು ಹಾಕಿರಲಿಲ್ಲ, ನಡುಗುವ ಊರಿನಲ್ಲಿ ತಲೆಯ ಮೇಲೆ ಭಾರ ಇಡಬಾರದು. ಎದುರುಬದುರು ಗೋಡೆಗಳನ್ನು ಬಿಗಿಹಿಡಿಯಲು ಒಳಗೆ ಅಡ್ಡಡ್ಡ ಕಬ್ಬಿಣದ ಸರಳುಗಳು ಹಾದುಹೋಗಿ, ಹೊರಗೋಡೆಯಲ್ಲಿ ದುಂಡನೆಯ ಬಿಲ್ಲೆಗಳಾಗಿ ಮುಗಿಯುತ್ತಿದ್ದವು. ಕಟ್ಟಡ ಕೋಟು ತೊಟ್ಟು ಗುಂಡಿ ಹಾಕಿಕೊಂಡಂತೆ. ಒಳಗಿನ ಆ ಸರಳುಗಳಿಗೆ ಮಳೆಗಾಲದಲ್ಲಿ ಕೊಡೆಗಳನ್ನು ನೇತುಹಾಕುತ್ತಿದ್ದರು. ಎಲ್ಲಕ್ಕಿಂತ ನನಗೆ ಹಿಡಿಸಿದ್ದು, ಅದನ್ನು ಗಟ್ಟಿಯಾಗಿ ಕಟ್ಟಿರಲಿಲ್ಲ ಎಂಬುದು. ತೊಲೆಗಳು ಗೋಡೆಯಲ್ಲಿ ಹೂತಿರಲಿಲ್ಲ, ಕಲ್ಲಿನ ತೋಡಿನಲ್ಲಿ ಸುಮ್ಮನೆ ಕುಳಿತಿದ್ದವು. ನೆಲ ಅಲ್ಲಾಡಿದರೆ ಒಂದಿಷ್ಟು ಸರಿದು, ಮತ್ತೆ ತಮ್ಮ ಜಾಗಕ್ಕೆ ಬರಲಿ ಎಂದು. ಗಟ್ಟಿ ಕಟ್ಟಿದ್ದರೆ ಎಂದೋ ಬೀಳುತ್ತಿತ್ತು. ಸಡಿಲ ಕಟ್ಟಿದ್ದರಿಂದ ನಿಂತಿತ್ತು. ಈ ಮಾತನ್ನು ಸಂಸಾರಕ್ಕೂ ಸಾಹಿತ್ಯಕ್ಕೂ ಅನ್ವಯಿಸಿ ಒಂದು ಪುಟ ಬರೆದಿದ್ದೆ, ನಿಮ್ಮ ಮೇಲಿನ ಕನಿಕರದಿಂದ ಹರಿದುಹಾಕಿದ್ದೇನೆ.

ಇನ್ನು ಬಿರುಕು. ಅದು ಸೂರಿನಡಿಯಲ್ಲಿ ಹುಟ್ಟಿ, ಕಿಟಕಿಯ ಪಕ್ಕದಲ್ಲಿ ಬಳುಕಿ, ಮುನಿರತ್ನಮ್ಮನ ತಲೆಯ ಮೇಲಕ್ಕೆ ಬರುವಷ್ಟರಲ್ಲಿ ಮಾಯವಾಗುತ್ತಿತ್ತು, ಬೇತಮಂಗಲದ ಕಟ್ಟೆಗೆ ಬಂದು ನಿಲ್ಲುವ ಪಾಲಾರ್ ನದಿಯ ಹಾಗೆ. ಕಂಪನಿ ಕಾಲದಲ್ಲಿ ಯಾರೋ ಅದಕ್ಕೆ ಅಡ್ಡಲಾಗಿ ಬೆರಳುದ್ದದ ಗಾಜಿನ ಪಟ್ಟಿಯೊಂದನ್ನು ಎರಡೂ ತುದಿಗೆ ಗಾರೆಯಿಟ್ಟು ಅಂಟಿಸಿದ್ದರು. ಗೋಡೆ ಕೂದಲೆಳೆಯಷ್ಟು ಸರಿದರೂ ಗಾಜು ಒಡೆಯುತ್ತದೆ. ಒಡೆದರೆ ಬಿರುಕು ಬೆಳೆಯುತ್ತಿದೆ ಎಂದರ್ಥ, ಒಡೆಯದಿದ್ದರೆ ಗೋಡೆ ನಿಂತಿದೆ ಎಂದರ್ಥ. ಒಡೆದಾಗಲೆಲ್ಲ ಪಕ್ಕದಲ್ಲಿ ಹೊಸ ಪಟ್ಟಿ. ಹೀಗೆ ಬಿರುಕಿನುದ್ದಕ್ಕೂ ಒಡೆದ ಗಾಜಿನ ತುಣುಕುಗಳು, ಕಟ್ಟಕಡೆಗೆ ಒಂದು ಇಡೀ ಪಟ್ಟಿ. ಆ ಕಡೆಯದನ್ನು ಗಣಿ ಮುಚ್ಚುವ ಹೊತ್ತಿಗೆ ಅಂಟಿಸಿದ್ದು. ಅಂದಿನಿಂದ ಅದು ಒಡೆದಿರಲಿಲ್ಲ. ಒಡೆದಿರಲಿಲ್ಲ ಎಂದು ಈಗ ನಾನು ಹೇಳುತ್ತಿದ್ದೇನೆ. ಈ ಮಾತನ್ನು ಸ್ವಲ್ಪ ಹೊತ್ತಿನಲ್ಲೇ ನಾನೇ ಅನುಮಾನಿಸಲಿದ್ದೇನೆ, ದಯವಿಟ್ಟು ನೆನಪಿಡಿ.

ಕಳೆದ ವರ್ಷ ಬೇಸಿಗೆಯ ಕೊನೆಯಲ್ಲಿ ಸುದ್ದಿ ಬಂತು: ಹಳೆಯ ಕಟ್ಟಡಗಳ ಸುರಕ್ಷತೆ ನೋಡಲು ಎಂಜಿನಿಯರ್ ಒಬ್ಬರು ಬರುತ್ತಾರೆ, ಸರಿಯಿಲ್ಲವೆಂದರೆ ಬೀಗ. ಪರೀಕ್ಷೆಗೆ ಇನ್ನೂ ಕೆಲವು ತಿಂಗಳಿತ್ತು. ಮುನಿರತ್ನಮ್ಮ ನನ್ನ ಬಳಿ ಬಂದರು. ನಾನು ಬಂಗಾರಪೇಟೆಯಿಂದ ದಿನಾ ರೈಲಿನಲ್ಲಿ ಬಂದು ಪತ್ರಿಕೆಗಳನ್ನು ಬಿಟ್ಟಿ ಓದಿ ಹೋಗುವ ನಿವೃತ್ತ ಮೇಷ್ಟ್ರು. ಅವರ ಕಣ್ಣಿಗೆ ದೊಡ್ಡ ಮನುಷ್ಯ.

“ಆವತ್ತು ನೀವೆಲ್ಲಾ ಬನ್ನಿ ಸಾರ್, ಒಂದ್ ಮಾತ್ ಏಳಿ. ಇದೊಂದ್ ವರ್ಸ ಕೂತ್ಕಳಾಕೆ ಜಾಗ ಇದ್ರೆ ಸಾಕು ನನ್ಗೆ. ಆಮ್ಯಾಕೆ ಬೇಕಾದ್ರೆ ಬಿದ್ದೋಗ್ಲಿ.”

ಬಂದೆವು. ಕರೆಯದವರೂ ಬಂದರು. ಕಟ್ಟಡ ಉಳಿಸಬೇಕೆಂಬ ಉತ್ಸಾಹ ಊರಿನ ಹಿರಿಯರಲ್ಲಿ ಹೀಗೆ ಉಕ್ಕಿದ್ದನ್ನು ನಾನು ಹಿಂದೆ ಕಂಡಿರಲಿಲ್ಲ. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ವಿಭೂತಿಯೋ ಶಿಲುಬೆಯೋ ಅವರವರ ಗುರುತು ಧರಿಸಿ, ಮದುವೆಗೆ ಬಂದವರ ಹಾಗೆ ಮೇಜಿನ ಸುತ್ತ ಕೂತಿದ್ದರು. ಅವರಲ್ಲಿ ಮುಖ್ಯರು ಆರೋಗ್ಯದಾಸ್, ಕೋರಮಂಡಲ್ ಲೈನಿನವರು, ಸುರಂಗದ ಸೂರಿಗೆ ಮರದ ಆನಿಕೆ ಕೊಡುವ ಕೆಲಸ ಮಾಡಿ ನಿವೃತ್ತರಾದವರು. ಕನ್ನಡ, ತಮಿಳು, ತೆಲುಗು ಮೂರನ್ನೂ ಒಂದೇ ವಾಕ್ಯದಲ್ಲಿ ಬಡಿಸುವವರು. ಎಂಜಿನಿಯರ್ ವಿನಯವಂತ ಯುವಕ. ಈ ಊರಿನವರಲ್ಲ. ಬೂಟು ಬಿಚ್ಚಿಯೇ ಒಳಗೆ ಬಂದರು. ಸುತ್ತ ನೋಡಿ, ಮೊದಲು ಕೇಳಿದ್ದು ನೀವು ಊಹಿಸಿದ್ದನ್ನೇ: ಪುಸ್ತಕಗಳು ಯಾಕೆ ಬಿದ್ದಿವೆ?

ಬಿದ್ದಿಲ್ಲ, ಮಲಗಿಸಿದ್ದು ಎಂದು ಗ್ರಂಥಪಾಲಕರು ವಿವರಿಸತೊಡಗಿದರು. ಅಷ್ಟೇ ಸಾಕಾಯಿತು. ಬಂಡೆ ಸಿಡಿದ ಹಾಗೆ ಹಿರಿಯರ ಬಾಯಿ ಸಿಡಿಯಿತು.

ಇಲ್ಲಿ ನಿಮಗೊಂದು ವಿಷಯ ಹೇಳಬೇಕು. ಬೇರೆ ಊರುಗಳವರು ತಮ್ಮ ದೇವಸ್ಥಾನದ ಬಗ್ಗೆ, ಕೆರೆಯ ಬಗ್ಗೆ, ಊರಿನಿಂದ ಮಂತ್ರಿಯಾದವನ ಬಗ್ಗೆ ಹೆಮ್ಮೆ ಪಡುತ್ತಾರೆ. ಕೆ.ಜಿ.ಎಫ್.ನಲ್ಲಿ ಚಿನ್ನದ ಬಗ್ಗೆ ಹೆಮ್ಮೆ ಪಡುವಂತಿಲ್ಲ, ಅದು ಯಾರದೋ ಪಾಲಾಯಿತು. ಉಳಿದದ್ದು ಊರಾಚೆಗಿನ ಸೈನೈಡ್ ಮಣ್ಣಿನ ದಿಬ್ಬಗಳು, ಗಾಳಿ ಬೀಸಿದರೆ ಅದೂ ಊಟದ ತಟ್ಟೆಗೆ ಬರುತ್ತದೆ. ಆದ್ದರಿಂದ ಇಲ್ಲಿನವರು ನಡುಕದ ಬಗ್ಗೆ ಹೆಮ್ಮೆ ಪಡುತ್ತಾರೆ. ಯಾರ ಮನೆ ಹೆಚ್ಚು ನಡುಗಿತ್ತು, ಯಾರ ಗೋಡೆ ಎಷ್ಟಗಲ ಬಾಯಿ ಬಿಟ್ಟಿತ್ತು, ಯಾರು ಯಾವ ಬರ್ಸ್ಟಿನಲ್ಲಿ ಎಷ್ಟು ಆಳದಲ್ಲಿದ್ದರು ಎಂಬುದೇ ಇಲ್ಲಿ ವಂಶಾವಳಿ. ಮಾಮೂಲು ನಡುಕ ಕಂಡವನು ಮಾಮೂಲು ಮನುಷ್ಯ. ಕಟ್ಟಡವನ್ನು ಹೊಗಳಲು ಬಂದ ಹಿರಿಯರು ತಮಗೆ ಗೊತ್ತಿದ್ದ ಒಂದೇ ಬಗೆಯಲ್ಲಿ ಹೊಗಳಿದರು.

“ಸಾರ್, ಆ ಕಾಲ್ದಲ್ಲಿ ಒಂದ್ ಬರ್ಸ್ಟ್ ಬಂದ್ರೆ ಈ ಗೋಡೆ ಅಪ್ಪಡಿಯೇ ಊಂಜಲ್ ಮಾದ್ರಿ ಆಡ್ತಿತ್ತು” ಎಂದರು ಆರೋಗ್ಯದಾಸ್, ಎರಡೂ ಕೈಯಲ್ಲಿ ಉಯ್ಯಾಲೆ ತೂಗಿ ತೋರಿಸುತ್ತ. ಎಂಜಿನಿಯರ್ ಬರೆದುಕೊಂಡರು.

ಬರೆದುಕೊಂಡದ್ದೇ ತಪ್ಪಾಯಿತು. ತಮ್ಮ ಮಾತನ್ನು ಯಾರಾದರೂ ಬರೆದುಕೊಂಡು ಎಷ್ಟೋ ಕಾಲವಾಗಿತ್ತು ಅವರಿಗೆ. ಒಬ್ಬರು ತೊಲೆ ತೋಡಿನಿಂದ ಎದ್ದು ಕೂತದ್ದನ್ನು ಹೇಳಿದರೆ, ಇನ್ನೊಬ್ಬರ ನೆನಪಿನಲ್ಲಿ ತೊಲೆ ಎದ್ದು ಪಕ್ಕದ ತೋಡಿಗೆ ಹೋಗಿತ್ತು. ಒಬ್ಬರು ಬಿರುಕಿನಲ್ಲಿ ಕೈ ತೂರಿಸಬಹುದಿತ್ತು ಎಂದರೆ, ಮತ್ತೊಬ್ಬರು ಅದರ ಮೂಲಕ ಆಚೆಯ ಮೈದಾನದ ಫುಟ್‌ಬಾಲ್ ಆಟ ನೋಡಿದ್ದರು. ಪ್ರತಿ ಹೊಗಳಿಕೆಗೂ ಎಂಜಿನಿಯರರ ಮುಖ ಒಂದಿಷ್ಟು ಬಿಳುಪೇರುತ್ತಿತ್ತು, ಆ ಬಿಳುಪನ್ನು ಮೆಚ್ಚುಗೆ ಎಂದು ತಿಳಿದು ಹಿರಿಯರು ಇನ್ನೊಂದು ಮೆಟ್ಟಿಲು ಏರುತ್ತಿದ್ದರು. ಇಷ್ಟೆಲ್ಲ ನಡುಗಿಯೂ ಬೀಳಲಿಲ್ಲವಲ್ಲ ಎಂಬುದೇ ಅವರೆಲ್ಲರ ತಾತ್ಪರ್ಯ. ಆದರೆ ಅದು ಎಷ್ಟು ಸ್ವಯಂವೇದ್ಯವೆಂದು ಅವರಿಗೆ ತೋರಿತ್ತೆಂದರೆ ಯಾರೂ ಅದನ್ನು ಬಾಯಿಬಿಟ್ಟು ಹೇಳಲೇ ಇಲ್ಲ.

ಹೇಳಿದ್ದು ಮುನಿರತ್ನಮ್ಮ ಒಬ್ಬರೇ. ಅವೆಲ್ಲ ಆವಾಗಿನದು, ಈಗ ಏನೂ ಅಲ್ಲಾಡುವುದಿಲ್ಲ, ನಾನು ದಿನಾ ಅದರ ಕೆಳಗೇ ಕೂರುತ್ತೇನೆ ಎಂದರು. ಎಂಜಿನಿಯರ್ ಸೌಜನ್ಯದಿಂದಲೇ ಕೇಳಿದರು, ಎಷ್ಟು ವರ್ಷದಿಂದ ಬರುತ್ತಿದ್ದೀರಿ ಎಂದು. ಮೂರು ವರ್ಷ ಎಂದರು. ಅವರು ತಲೆಯಾಡಿಸಿದರು. ಒಂದು ಕಡೆ ಮೂರು ತಲೆಮಾರಿನ ನಡುಕ, ಇನ್ನೊಂದು ಕಡೆ ಒಬ್ಬ ಹೆಂಗಸಿನ ಮೂರು ವರ್ಷದ ನಿಶ್ಚಲತೆ. ನಡುಕದಲ್ಲಿ ಕತೆಯಿದೆ. ಏನೂ ನಡೆಯದೆ ಇದ್ದದ್ದನ್ನು ಯಾರಾದರೂ ಎಷ್ಟು ಹೊತ್ತು ಹೇಳಬಲ್ಲರು?

ಕೊನೆಗೆ ಎಂಜಿನಿಯರ್ ನನ್ನ ಕಡೆ ತಿರುಗಿದರು. ನಾನು ಸುಣ್ಣದ ಗಾರೆಯ ಗುಣದಿಂದ ಆರಂಭಿಸಿ, ನೆನಪಿನ ಸ್ವಭಾವವನ್ನು ಸ್ಪರ್ಶಿಸಿ, ಹಿರಿಯರ ಮಾತನ್ನು ಅಕ್ಷರಶಃ ತೆಗೆದುಕೊಳ್ಳಬಾರದೆಂದು ಅವರಿಗೆ ನೋವಾಗದ ಹಾಗೆ ಸೂಚಿಸಬಲ್ಲ ಒಂದು ವಾಕ್ಯವನ್ನು ಹೊರಡಿಸಿದೆ. ಅದರ ಕ್ರಿಯಾಪದ ಬರುವ ಮೊದಲೇ ಅವರು ಪೆನ್ನಿಗೆ ಕ್ಯಾಪು ಹಾಕಿದ್ದರು.

ಆಗ ಆರೋಗ್ಯದಾಸ್ ಎದ್ದು ಬಿರುಕಿನ ಬಳಿ ಹೋದರು. ಗಾಜಿನ ಪಟ್ಟಿಯ ಮಹಿಮೆಯನ್ನು ಯಾರೂ ಹೇಳಿಲ್ಲವೆಂದು ಅವರಿಗೆ ಹೊಳೆದಿರಬೇಕು. ಇದು ಹೇಗೆ ಒಡೆಯುತ್ತಿತ್ತು, ಎಂಥ ಸದ್ದು ಬರುತ್ತಿತ್ತು ಎಂದು ತೋರಿಸಲು ಕೈಯಲ್ಲಿದ್ದ ಕೊಡೆಯ ಹಿಡಿಯಿಂದ ಆ ಪಟ್ಟಿಯನ್ನು ಮೆಲ್ಲಗೆ ತಟ್ಟಿದರು. ‘ಟಿಕ್’ ಎಂದಿತು. ಎಂಜಿನಿಯರ್ ಹತ್ತಿರ ಹೋಗಿ ನೋಡಿ, ಪೆನ್ನಿನ ಕ್ಯಾಪು ಮತ್ತೆ ತೆಗೆದರು.

ಈಗ ನನ್ನ ಅನುಮಾನದ ಸರದಿ. ಆ ಪಟ್ಟಿ ಅವರು ತಟ್ಟಿದಾಗಲೇ ಒಡೆಯಿತೇ, ಮೊದಲೇ ಒಡೆದಿತ್ತೇ? ನಾನು ಅದನ್ನು ನೂರಾರು ಸಲ ನೋಡಿದ್ದೇನೆ, ಅಂದರೆ ಒಮ್ಮೆಯೂ ಸರಿಯಾಗಿ ನೋಡಿಲ್ಲ. ಇಡಿಯಾಗಿತ್ತು ಎಂದರೆ ಕತೆ ಚೆನ್ನಾಗಿ ಕೂರುತ್ತದೆ: ಗೋಡೆಯ ಒಬ್ಬನೇ ಪ್ರಾಮಾಣಿಕ ಸಾಕ್ಷಿಯನ್ನು ಅದರ ಅಭಿಮಾನಿಯೇ ಕೊಂದ ಹಾಗೆ. ಇಷ್ಟು ಚೆನ್ನಾಗಿ ಕೂರುವುದರಿಂದಲೇ ನನಗೆ ನಂಬಿಕೆಯಿಲ್ಲ. ಮೊದಲೇ ಒಡೆದಿದ್ದರೆ ಎಂಜಿನಿಯರ್ ಬರೆದದ್ದು ಸರಿ, ನಾವು ಕೂಗಾಡುವುದಕ್ಕೆ ಅರ್ಥವಿಲ್ಲ. ಮುನಿರತ್ನಮ್ಮ ಮಾತ್ರ ಇಡಿಯಾಗಿತ್ತು ಎನ್ನುತ್ತಾರೆ. ಅವರ ಮಾತನ್ನು ನಂಬುತ್ತೇನೆ, ಏಕೆಂದರೆ ಅದನ್ನು ಹೇಳುವಾಗ ಅವರು ಯಾವ ಕತೆಯನ್ನೂ ಕಟ್ಟುವುದಿಲ್ಲ.

ಹೊರಗೆ ಮೆಟ್ಟಿಲ ಮೇಲೆ ಮುನಿರತ್ನಮ್ಮ ಆರೋಗ್ಯದಾಸರನ್ನು ತಡೆದು ನಿಲ್ಲಿಸಿದರು. ದನಿ ಏರಿರಲಿಲ್ಲ.

“ಏನ್ ತಾತಾ, ಗೋಡೆ ಕಟ್ಟಿ ಮಡಗಾಕೆ ಅಷ್ಟೊಂದ್ ಕಂಬಿ ಆಕವ್ರೆ. ನಿನ್ ನಾಲ್ಗೆಗೂ ಒಂದ್ ಆಕಿದ್ರೆ ಚೆಂದಾಗಿತ್ತು.”

“ನಾನ್ ಏನ್‌ಮಾ ಪೊಯ್ ಏಳಿದ್ನಾ?” ಎಂದರು ಅವರು, ಸುಳ್ಳು ಹೇಳಿದೆನೇ ಎಂಬ ಅರ್ಥದಲ್ಲಿ, ನಿಜವಾಗಿ ನೊಂದು. “ಅಲ್ಲಾಡಿದ್ದು ನಿಜ ತಾನೇ.”

ಅಲ್ಲಾಡಿದ್ದು ನಿಜ. ಆ ನಿಜವೇ ಸಾಕಾಯಿತು.

ಬೀಗ ಬಿತ್ತು. ಗ್ರಂಥಾಲಯ ಬಸ್ ನಿಲ್ದಾಣದ ಕಡೆಯ ಒಂದು ಸಂಕೀರ್ಣದ ಮೊದಲ ಮಹಡಿಗೆ ಹೋಯಿತು. ಕೆಳಗೆ ಮೊಬೈಲು ರಿಪೇರಿ, ಪಕ್ಕದಲ್ಲಿ ಟೈಲರಿಂಗ್ ಮೆಷಿನ್‌ಗಳ ಸದ್ದು. ಕಾಂಕ್ರೀಟು ಗಟ್ಟಿಯಾಗಿದೆ, ಎಲ್ಲೂ ಸಡಿಲವಿಲ್ಲ. ಉಕ್ಕಿನ ಕಪಾಟುಗಳಲ್ಲಿ ಪುಸ್ತಕಗಳನ್ನು ಮೊದಲ ಬಾರಿಗೆ ನೆಟ್ಟಗೆ ನಿಲ್ಲಿಸಿದರು. ನಿಲ್ಲಲಿಲ್ಲ. ಒಂದೇ ಮಗ್ಗುಲಲ್ಲಿ ಬಹುಕಾಲ ಮಲಗಿದ್ದ ಬೆನ್ನುಗಳು ನಿಲ್ಲುವುದನ್ನು ಮರೆತಿದ್ದವು. ಒಂದು ಜಾರಿದರೆ ಸಾಲಿಗೆ ಸಾಲೇ ಒರಗಿ, ತುದಿಯಲ್ಲಿದ್ದದ್ದು ನೆಲಕ್ಕೆ. ಗ್ರಂಥಪಾಲಕರು ಸಾಲಿನ ಕೊನೆಗೆ ಇಟ್ಟಿಗೆ ಇಡುತ್ತಾರೆ. ಓದುವ ದೊಡ್ಡ ಮೇಜು ಆ ಮೆಟ್ಟಿಲಿನಲ್ಲಿ ಹತ್ತಲಿಲ್ಲ, ಅದಕ್ಕೇ ಕುರ್ಚಿಗಳೂ ಬರಲಿಲ್ಲ. ಎರವಲು ಪಡೆದು ಹೋಗಬಹುದು. ಕೂತು ಓದುವಂತಿಲ್ಲ. ಜಾಗ ಸಿಕ್ಕಿದ ಮೇಲೆ ವ್ಯವಸ್ಥೆ ಮಾಡುತ್ತಾರಂತೆ. ಅಲ್ಲಿಯವರೆಗೆ ನಮ್ಮದು ಕುಳಿತುಕೊಳ್ಳಲಾಗದ ಓದುಮನೆ.

ಮುನಿರತ್ನಮ್ಮನನ್ನು ಮುಂದೆ ನಾನು ಕಂಡದ್ದು ಬಂಗಾರಪೇಟೆಯ ರೈಲು ನಿಲ್ದಾಣದಲ್ಲಿ. ಎದುರಿನ ಬೀದಿಯಲ್ಲಿ ಪಾನಿಪುರಿ ತಿಂದು, ನೀರಿನಂತೆ ತಿಳಿಯಾಗಿರುವ ಆ ಪಾನಿ ನಾಲಿಗೆಗೆ ಹೀಗೆ ಬೆಂಕಿ ಹಚ್ಚುವುದು ಹೇಗೆ ಎಂಬ, ಈ ಊರಿನಲ್ಲಿ ಯಾರೂ ಬಿಡಿಸದ ಪ್ರಶ್ನೆಯನ್ನು ಯೋಚಿಸುತ್ತ ಪ್ಲಾಟ್‌ಫಾರಂ ದಾಟುತ್ತಿದ್ದೆ. ತುದಿಯ ಬೆಂಚಿನ ಮೇಲೆ ಕೂತು ಓದುತ್ತಿದ್ದರು. ಅತ್ತೆಗೆ ಲೈಬ್ರರಿ ಬಂಗಾರಪೇಟೆಗೆ ಹೋಯಿತೆಂದು ಹೇಳಿದ್ದಾರಂತೆ. ರೈಲ್ವೆ ಪೊಲೀಸಿನವರು ಎರಡು ಸಲ ಎಬ್ಬಿಸಿದರಂತೆ, ಆಮೇಲೆ ಬೆಳಗ್ಗೆ ಒಂದು ಟಿಕೆಟ್ ತೆಗೆದು ಪುಸ್ತಕದೊಳಗೆ ಇಟ್ಟುಕೊಳ್ಳುವುದನ್ನು ಕಲಿತರಂತೆ. ನಾವು ಮಾತಾಡುತ್ತಿದ್ದಾಗ ನಿಲ್ಲದ ರೈಲೊಂದು ಪ್ಲಾಟ್‌ಫಾರಂ ನಡುಗಿಸುತ್ತ ಹಾದುಹೋಯಿತು. ಮಾತು ನಿಲ್ಲಿಸಿ, ತೆರೆದ ಪುಟದ ಮೇಲೆ ಅಂಗೈ ಊರಿ ಕೂತರು. ಡಬ್ಬಿಗಳೆಲ್ಲ ಹೋದ ಮೇಲೆ ಕೈ ತೆಗೆದರು. ಹಳೆಯ ಕಟ್ಟಡದಲ್ಲಿ ದಿನಕ್ಕೊಂದೆರಡು ಜಲ್ಲಿ ಲಾರಿ. ಇಲ್ಲಿ ಅವರ ಕೈಗೆ ಬಿಡುವಿರಲಿಲ್ಲ.

ಪರೀಕ್ಷೆ ಬರೆದರು. ಆಯ್ಕೆಯಾದವರಲ್ಲಿ ಅವರ ಹೆಸರು ಇರಲಿಲ್ಲ. ಕಟ್ಟಡವಿದ್ದಿದ್ದರೆ ಇರುತ್ತಿತ್ತು ಎಂದು ಬರೆಯಲು ಕೈ ತವಕಿಸುತ್ತದೆ. ಅದು ಸುಳ್ಳು, ಅದೂ ಒಂದು ಓರಣದ ನೆನಪು, ಬಿಲಿಯರ್ಡ್ಸ್ ಮೇಜಿನ ವಾಸನೆಯ ಹಾಗೆ. ಕಟ್ಟಡದಲ್ಲಿ ಕೂತು ಓದಿ ಬರೆದಾಗಲೂ ಒಮ್ಮೆ ತಪ್ಪಿತ್ತು. ನನಗೆ ಗೊತ್ತಿರುವುದು ಇಷ್ಟೇ: ಅವರಿಗೆ ಕೂರಲು ಜಾಗವಿರಲಿಲ್ಲ, ಮತ್ತೆ ಬರೆಯಲು ವಯಸ್ಸಿಲ್ಲ.

ಕಟ್ಟಡ ಬೀಳಲಿಲ್ಲ. ಈ ಬರಹದಲ್ಲಿ ಕಹಿ ಎಂಬುದಿದ್ದರೆ ಅದು ಈ ಎರಡು ಪದದಲ್ಲಿದೆ. ಮುಂಗಾರು ಬಂತು, ತಗಡು ಹಾರುವಂಥ ಗಾಳಿ ಬಂತು, ಹಿಂಗಾರು ಬಂತು. ಗುಂಡಿ ಹಾಕಿದ ಕೋಟಿನಲ್ಲಿ ಅದು ಸುಮ್ಮನೆ ನಿಂತಿದೆ. ಪ್ರತಿ ಮಳೆಯ ಮರುದಿನ ಆರೋಗ್ಯದಾಸ್ ಕೊಡೆ ಹಿಡಿದು ನೋಡಲು ಹೋಗುತ್ತಾರೆ. ನಾನೂ ರೈಲಿಳಿದು ಅದೇ ದಾರಿಯಲ್ಲಿ ಸುತ್ತಿಬರುತ್ತೇನೆ. ಅಲ್ಲಿ ಭೇಟಿಯಾದರೆ ಇಬ್ಬರೂ ಮಳೆಯ ಬಗ್ಗೆ ಮಾತಾಡುತ್ತೇವೆ. ಯಾಕೆ ಬಂದೆವೆಂದು ಒಬ್ಬರನ್ನೊಬ್ಬರು ಕೇಳುವುದಿಲ್ಲ.

ಹೋದ ತಿಂಗಳು ಹಾಗೆ ನಿಂತಿದ್ದಾಗ ಮುನಿರತ್ನಮ್ಮ ಬಂದರು. ಎರವಲು ತಂದ ಪುಸ್ತಕವನ್ನು ಮಹಡಿಯ ಮೇಲೆ ಹಿಂದಿರುಗಿಸಿ, ಸಂತೆಯ ಚೀಲದೊಂದಿಗೆ ಬಸ್ಸಿಗೆ ಹೊರಟಿದ್ದರು. ನಮ್ಮಿಬ್ಬರನ್ನೂ ನೋಡಿದರು, ಗೋಡೆಯನ್ನು ನೋಡಿದರು.

“ಬಿದ್ದೋದ್ರೆ ನಿಮ್ಗೆ ಒಂದ್ ಸಮಾಧಾನ ಆಗ್ತದೆ, ಅಲ್ವಾ ಸಾರ್?”

ಆರೋಗ್ಯದಾಸ್ ಕೊಡೆಯನ್ನು ಬಿಚ್ಚಿದರು, ಮಳೆ ಇರಲಿಲ್ಲ. ನಾನು ಉತ್ತರಿಸಲು ವಾಕ್ಯವೊಂದನ್ನು ಹುಡುಕಿದೆ. ಸಿಕ್ಕಿದವೆಲ್ಲ ಗಿಡ್ಡವು. ಬಿದ್ದರೆ ನಾವು ಹೇಳಿದ್ದು ಸರಿ, ಬರೆದುಕೊಂಡವರು ಸರಿ, ಬೀಗ ಸರಿ, ಎಲ್ಲವೂ ಸರಿ. ನಿಂತೇ ಇದ್ದರೆ, ಒಬ್ಬರ ಒಂದು ವರ್ಷಕ್ಕೆ ಯಾರು ಹೊಣೆ? ನಡುಗಿದ್ದಕ್ಕೆ ಸಾಕ್ಷಿ ಹೇಳಲು ಊರೆಲ್ಲ ಬಂದಿತ್ತು.

ಅವರು ಚೀಲ ಕೆಳಗಿಟ್ಟು ಉತ್ತರದ ಗೋಡೆಯ ಕಡೆ ನಡೆದರು. ಕಿಟಕಿಯ ಗಾಜಿನ ಒಂದು ಮೂಲೆ ಮುರಿದಿತ್ತು. ಅಲ್ಲಿಂದ ಒಳಗೆ ಇಣುಕಿ ಬಹಳ ಹೊತ್ತು ನೋಡಿದರು, ಕುರ್ಚಿ ಅಲ್ಲೇ ಅದೆ ಎಂದರು. ಆಮೇಲೆ ಬಿಲ್ಲೆಯ ಪಕ್ಕದಲ್ಲಿ ಗೋಡೆಯ ಮೇಲೆ ಅಂಗೈ ಊರಿ ನಿಂತರು. ಲಾರಿಯೇನೂ ಹೋಗುತ್ತಿರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಕೈ ತೆಗೆದು, ಸುಣ್ಣ ಒರೆಸಿಕೊಂಡು, ಬಸ್ಸು ಬಂತೆಂದು ಹೊರಟರು.

ಅವರು ಹೋದ ಮೇಲೆ ನಾನು ಇಣುಕಿದೆ. ಮೇಜು, ಅದರ ಸುತ್ತ ಕುರ್ಚಿಗಳು. ಕಪಾಟುಗಳಲ್ಲಿ ಮರದ ಪಟ್ಟಿಯ ಹಿಂದೆ ಬುಡದ ಪುಸ್ತಕಗಳು ಹಾಗೆಯೇ ಉಳಿದಿದ್ದವು. ಸಾಗಿಸಿದವರೂ ಆ ಊರಿನವರೇ, ಮೇಲಿನದನ್ನಷ್ಟೇ ಒಯ್ದಿದ್ದರು. ನನ್ನದೂ ಅಲ್ಲೇ ಇತ್ತು, ಮೇಲೆ ಯಾವ ಭಾರವೂ ಇಲ್ಲದೆ, ಅಂಗಾತ. ಇಷ್ಟು ವರ್ಷಗಳಲ್ಲಿ ಅದು ಸುಲಭವಾಗಿ ಕೈಗೆ ಸಿಗುವ ಹಾಗೆ ಇದ್ದದ್ದು ಅದೇ ಮೊದಲು. ಕಿಂಡಿ ಚಿಕ್ಕದು, ಮುರಿದ ಗಾಜಿನ ಅಂಚು ಚೂಪು. ಅದರ ಮೂಲಕ ಒಳಗಿನದನ್ನು ಓದಬೇಕಾದರೆ ತಲೆಯನ್ನು ಭುಜದ ಕಡೆಗೆ ಪೂರ್ತಿ ವಾಲಿಸಬೇಕು. ಪುಸ್ತಕಗಳು ಮಲಗಿಯೇ ಇದ್ದವು. ಆ ಗ್ರಂಥಾಲಯದಲ್ಲಿ ನಾನು ಕತ್ತು ಓರೆ ಮಾಡಿದ್ದು ಅಂದೇ.